ಕನ್ನಡ ಪಠ್ಯಗಳ ಜಾಲಪ್ರಕಟಣೆ: ಪುಟದ ಮಾಹಿತಿ ಮತ್ತು ಥೀಮ್

ಪಠ್ಯವೊಂದು ಓದುಗರನ್ನು ತಲುಪುವಾಗ ಅದರೊಡನೆ ಆ ಪಠ್ಯವನ್ನು ಕುರಿತ ಮಾಹಿತಿಯೂ ತಲುಪಬೇಕೆಂಬುದು ಕನ್ನಡ ಸಾಹಿತ್ಯ ಪರಂಪರೆಗೆ ಹೊಸ ವಿಚಾರವಲ್ಲ. ಚಂಪೂ ಕಾವ್ಯಗಳಲ್ಲಿ ಆಶ್ವಾಸಾಂತ್ಯದ ಗದ್ಯವು ಕವಿಯನ್ನೂ ಕಾವ್ಯವನ್ನೂ ಹೆಸರಿಸುತ್ತದೆ. ವಚನಗಳಲ್ಲಿ ಅಂಕಿತವು ಕರ್ತೃವನ್ನು ಸೂಚಿಸುತ್ತದೆ. ಓಲೆಗರಿಯ ಪ್ರತಿಕಾರರಲ್ಲಿ ಹಲವರು ತಾವು ಪ್ರತಿಯನ್ನು ಬರೆದು ಮುಗಿಸಿದ ಸಂವತ್ಸರ, ಮಾಸ, ತಿಥಿಗಳನ್ನು ಗ್ರಂಥದ ಕೊನೆಯಲ್ಲಿ ನಮೂದಿಸಿದ್ದಾರೆ. ಮುದ್ರಣದ ಕಾಲಕ್ಕೆ ಬಂದಾಗ ಈ ಹೊಣೆಯನ್ನು ಶೀರ್ಷಿಕೆಯ ಪುಟ ಮತ್ತು ಅದರ ಹಿಂಬದಿಯ ಪುಟಗಳು ವಹಿಸಿಕೊಂಡವು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಕವಿ, ಕಾಲ, ಕೃತಿ ಎಂಬ ವಿವರಗಳನ್ನು ಕಾವ್ಯಭಾಗಗಳಿಂದ ಬೇರ್ಪಡಿಸಿ, ಒಂದು ಕ್ರಮದಲ್ಲಿ ನಿಲ್ಲಿಸಿದವು. ಸಾಹಿತ್ಯ ಚರಿತ್ರೆಯ ಮುಂದಿನ ಕೆಲಸವೆಲ್ಲ ಈ ವಿಂಗಡಣೆಯನ್ನು ಆಧರಿಸಿಯೇ ನಡೆದಿದೆ.

ಕಳೆದ ಎರಡು ದಶಕಗಳಲ್ಲಿ ಕನ್ನಡದ ಪಠ್ಯಗಳು ದೊಡ್ಡ ಪ್ರಮಾಣದಲ್ಲಿ ಅಂತರಜಾಲವನ್ನು ಸೇರಿವೆ. ವಚನ, ಕೀರ್ತನೆ, ಕಾವ್ಯಭಾಗ, ಶಾಸನಪಾಠ, ಸಂಶೋಧನ ಲೇಖನ ಎಲ್ಲವೂ ಇಂದು ಜಾಲತಾಣಗಳಲ್ಲಿ ದೊರೆಯುತ್ತವೆ. ಆದರೆ ಮೇಲೆ ಹೇಳಿದ ಮಾಹಿತಿಯು ಪಠ್ಯದೊಡನೆ ಜಾಲವನ್ನು ಸೇರಿದೆಯೇ ಎಂಬ ಪ್ರಶ್ನೆಯನ್ನು ಕನ್ನಡ ವಿದ್ವತ್ತು ಗಂಭೀರವಾಗಿ ಕೇಳಿಕೊಂಡಂತೆ ಕಾಣುವುದಿಲ್ಲ. ಅದನ್ನು ತಂತ್ರಜ್ಞರ ಕೆಲಸವೆಂದು ಬಿಟ್ಟುಕೊಡಲಾಗಿದೆ. ಪುಟದ ಮಾಹಿತಿಯನ್ನು ಹೇಗೆ ಸಂಗ್ರಹಿಸಬೇಕು, ಅದರಲ್ಲಿ ಯಾವುದು ಓದುಗರಿಗೆ ಕಾಣುವಂತೆ ಹೊರಬರಬೇಕು ಎಂಬುದು ಮೂಲತಃ ಗ್ರಂಥಸಂಪಾದನೆಯ ಪ್ರಶ್ನೆ. ಅದನ್ನು ಕನ್ನಡ ವಿಭಾಗಗಳು ತಮ್ಮದೆಂದು ಒಪ್ಪಿಕೊಳ್ಳಬೇಕು ಎಂಬುದು ಪ್ರಸ್ತುತ ಲೇಖನದ ನಿಲುವು.

1. ವ್ಯವಸ್ಥೆ ಮತ್ತು ಥೀಮ್

ಇಂದಿನ ಬಹುಪಾಲು ಜಾಲತಾಣಗಳು ಒಂದೊಂದು ಪುಟವನ್ನೂ ಕೈಯಿಂದ ರಚಿಸಿದವುಗಳಲ್ಲ. ವಿಷಯ ನಿರ್ವಹಣಾ ವ್ಯವಸ್ಥೆ ಎಂಬ ತಂತ್ರಾಂಶವು ಪಠ್ಯವನ್ನು ದತ್ತಸಂಚಯದಲ್ಲಿ ಇರಿಸಿಕೊಂಡಿರುತ್ತದೆ. ಓದುಗರು ಪುಟವನ್ನು ಕೇಳಿದ ಕ್ಷಣದಲ್ಲಿ ಅದನ್ನು ಹೊರತೆಗೆದು, ಒಂದು ವಿನ್ಯಾಸದಲ್ಲಿ ಕೂಡಿಸಿ ಕಳುಹಿಸುತ್ತದೆ. 2001ರಲ್ಲಿ ಬಂದ ದ್ರುಪಲ್, 2003ರಲ್ಲಿ ಬಂದ ವರ್ಡ್‌ಪ್ರೆಸ್, ವಿಕಿಪೀಡಿಯಕ್ಕೆ ಆಧಾರವಾಗಿರುವ ಮೀಡಿಯಾವಿಕಿ ಇವು ಈ ಬಗೆಯ ಪ್ರಸಿದ್ಧ ವ್ಯವಸ್ಥೆಗಳು. ಇವೆಲ್ಲವೂ ಮುಕ್ತ ತಂತ್ರಾಂಶಗಳು.

ಇಂಥ ಹಲವು ವ್ಯವಸ್ಥೆಗಳಲ್ಲಿ ವಿನ್ಯಾಸದ ಭಾಗಕ್ಕೆ ಥೀಮ್ ಎಂದು ಹೆಸರು. ವರ್ಡ್‌ಪ್ರೆಸ್ಸಿಗೆ ಥೀಮಿನ ಏರ್ಪಾಡು ಬಂದುದು 2005ರ 1.5ನೆಯ ಆವೃತ್ತಿಯಲ್ಲಿ. ಪಠ್ಯ ಬೇರೆ, ತೋರಿಕೆ ಬೇರೆ ಎಂಬುದು ಈ ಏರ್ಪಾಡಿನ ತತ್ತ್ವ. ಥೀಮನ್ನು ಬದಲಿಸಿದರೆ ಪುಟದ ರೂಪ ಬದಲಾಗುತ್ತದೆ. ದತ್ತಸಂಚಯದಲ್ಲಿರುವ ಪಠ್ಯಕ್ಕೆ ಏನೂ ಆಗುವುದಿಲ್ಲ. ಮುದ್ರಣಾಲಯದ ಮಾತಿನಲ್ಲಿ ಹೇಳುವುದಾದರೆ, ವ್ಯವಸ್ಥೆಯು ಹಸ್ತಪ್ರತಿಯನ್ನು ಕಾಪಾಡುತ್ತದೆ, ಥೀಮ್ ಪುಟವನ್ನು ಜೋಡಿಸುತ್ತದೆ.

ಆದರೆ ಜೋಡಿಸುವವನಿಗೆ ತನ್ನ ಕೈಗೆ ಬಂದುದನ್ನಷ್ಟೇ ಜೋಡಿಸಲು ಸಾಧ್ಯ. ಪುಟದ ಶೀರ್ಷಿಕೆ, ಕರ್ತೃ, ದಿನಾಂಕ, ವರ್ಗ, ಭಾಷೆ ಇತ್ಯಾದಿಗಳಲ್ಲಿ ಯಾವುದನ್ನು ವ್ಯವಸ್ಥೆಯು ಬಿಡಿಯಾಗಿ ಥೀಮಿಗೆ ಒಪ್ಪಿಸುತ್ತದೆಯೋ ಅದನ್ನು ಮಾತ್ರ ಥೀಮ್ ತನಗೆ ಬೇಕಾದ ಸ್ಥಳದಲ್ಲಿ, ಬೇಕಾದ ರೀತಿಯಲ್ಲಿ ತೋರಿಸಬಲ್ಲದು. ವ್ಯವಸ್ಥೆಯಲ್ಲಿ ಇಲ್ಲದ ಮಾಹಿತಿ ಥೀಮಿನಲ್ಲಿ ಹುಟ್ಟುವುದಿಲ್ಲ. ವ್ಯವಸ್ಥೆಯಲ್ಲಿದ್ದೂ ಥೀಮಿಗೆ ಒಪ್ಪಿಸದ ಮಾಹಿತಿ ಓದುಗರ ಪಾಲಿಗೆ ಇಲ್ಲದಂತೆಯೇ. ಕನ್ನಡ ಪಠ್ಯಗಳ ವಿಷಯದಲ್ಲಿ ಈ ಎರಡು ಬಗೆಯ ಕೊರತೆಗಳೂ ಇವೆ. ಜೊತೆಗೆ ಮೂರನೆಯದೊಂದಿದೆ: ತಪ್ಪು ಮಾಹಿತಿ ಸರಿಯಾದ ಮಾಹಿತಿಯ ಸ್ಥಾನದಲ್ಲಿ ಬಂದು ಕೂಡುವುದು.

2. ಕರ್ತೃ ಮತ್ತು ಕಾಲ

ಮೂರನೆಯದನ್ನೇ ಮೊದಲು ನೋಡಬಹುದು. ವರ್ಡ್‌ಪ್ರೆಸ್ಸಿನ ದತ್ತಸಂಚಯದಲ್ಲಿ ಪ್ರತಿಯೊಂದು ಬರಹಕ್ಕೂ ಕರ್ತೃ ಎಂಬ ಒಂದು ಅಂಕಣವಿದೆ, ದಿನಾಂಕ ಎಂಬ ಮತ್ತೊಂದು ಅಂಕಣವಿದೆ. ಇವೆರಡನ್ನೂ ವ್ಯವಸ್ಥೆಯು ಥೀಮಿಗೆ ಉದಾರವಾಗಿ ಒದಗಿಸುತ್ತದೆ. ಅನೇಕ ಥೀಮ್‌ಗಳು ಶೀರ್ಷಿಕೆಯ ಕೆಳಗೆ ಇವೆರಡನ್ನು ತಾವಾಗಿಯೇ ಮುದ್ರಿಸುತ್ತವೆ. ಆದರೆ ಇಲ್ಲಿ ಕರ್ತೃ ಎಂದರೆ ಆ ಪುಟವನ್ನು ವ್ಯವಸ್ಥೆಗೆ ಸೇರಿಸಿದ ಬಳಕೆದಾರರ ಖಾತೆ. ದಿನಾಂಕವೆಂದರೆ ಆ ಪುಟ ಪ್ರಕಟವಾದ ದಿನ. ತನ್ನ ಅಭಿಪ್ರಾಯವನ್ನು ತಾನೇ ಬರೆದು ಅಂದೇ ಪ್ರಕಟಿಸುವವರನ್ನು ಕಣ್ಣ ಮುಂದಿರಿಸಿಕೊಂಡು ರೂಪಿಸಿದ ವ್ಯವಸ್ಥೆಗೆ ಇದು ಸಹಜವೇ. ಅಂಥ ಬರಹದಲ್ಲಿ ಬರೆದವರೂ ಸೇರಿಸಿದವರೂ ಒಬ್ಬರೇ ಆಗಿರುತ್ತಾರೆ.

ಹಳೆಯ ಪಠ್ಯವೊಂದನ್ನು ಇದೇ ವ್ಯವಸ್ಥೆಯಲ್ಲಿ ಪ್ರಕಟಿಸಿದಾಗ ಪರಿಸ್ಥಿತಿ ಬೇರೆಯಾಗುತ್ತದೆ. ಅಲ್ಲಮನ ವಚನದ ಪುಟದಲ್ಲಿ ಕರ್ತೃವಿನ ಸ್ಥಳದಲ್ಲಿ ‘ಅಡ್ಮಿನ್’ ಎಂದು ಮುದ್ರಿತವಾಗುತ್ತದೆ. ಕೆಳಗೆ ಇತ್ತೀಚಿನ ಯಾವುದೋ ಒಂದು ತಾರೀಖು ಇರುತ್ತದೆ. ಓದಿ ಬಲ್ಲವರು ಇದನ್ನು ನೋಡಿ ನಕ್ಕು ಮುಂದೆ ಹೋಗಬಹುದು. ಆದರೆ ಪುಟದ ಮಾಹಿತಿಯನ್ನು ಓದುವವರು ಮನುಷ್ಯರಷ್ಟೇ ಅಲ್ಲ. ಶೋಧಯಂತ್ರಗಳು, ಉಲ್ಲೇಖಗಳನ್ನು ಸಂಗ್ರಹಿಸುವ ತಂತ್ರಾಂಶಗಳು, ಈಚಿನ ವರ್ಷಗಳಲ್ಲಿ ಭಾಷಾಮಾದರಿಗಳಿಗಾಗಿ ಪಠ್ಯ ಸಂಗ್ರಹಿಸುವ ಯಂತ್ರಗಳು ಇವೆಲ್ಲವೂ ಪುಟವು ತನ್ನನ್ನು ಕುರಿತು ಹೇಳಿಕೊಂಡುದನ್ನೇ ತೆಗೆದುಕೊಳ್ಳುತ್ತವೆ. ಗುಹೇಶ್ವರ ಎಂಬ ಅಂಕಿತವನ್ನು ಕಂಡೊಡನೆ ಅಲ್ಲಮನನ್ನು ಗುರುತಿಸುವುದು ಓದುಗರ ಪೂರ್ವಜ್ಞಾನದಿಂದ ಸಾಧ್ಯವಾಗುವ ಕೆಲಸ. ಆ ಜ್ಞಾನವಿಲ್ಲದವರಿಗೆ ಅದನ್ನು ಒದಗಿಸುವುದಕ್ಕಾಗಿಯೇ ಸಂಪಾದಕರಿರುವುದು.

ಕಾಲದ ಪ್ರಶ್ನೆ ಇನ್ನೂ ತೊಡಕಿನದು. ವ್ಯವಸ್ಥೆಯ ದಿನಾಂಕದ ಅಂಕಣದಲ್ಲಿಯೇ ಕೃತಿಯ ಕಾಲವನ್ನು ತುಂಬಬಹುದಲ್ಲವೇ ಎಂದು ಕೇಳಬಹುದು. ಈ ಅಂಕಣವು ವರ್ಷ, ತಿಂಗಳು, ದಿನ, ಗಂಟೆ, ನಿಮಿಷಗಳನ್ನು ನಿರ್ದಿಷ್ಟವಾಗಿ ಅಪೇಕ್ಷಿಸುತ್ತದೆ. ‘ಹನ್ನೆರಡನೆಯ ಶತಮಾನ’ ಎಂಬುದಾಗಲಿ ‘ಸುಮಾರು 850’ ಎಂಬುದಾಗಲಿ ಅದಕ್ಕೆ ಒಗ್ಗುವುದಿಲ್ಲ. ಇನ್ನೊಂದು ಸಂಗತಿಯೂ ಗಮನಾರ್ಹ. ವರ್ಡ್‌ಪ್ರೆಸ್ ಆಧರಿಸಿರುವ ಮೈಎಸ್‌ಕ್ಯೂಎಲ್ ದತ್ತಸಂಚಯದ ಕೈಪಿಡಿಯು ಈ ಬಗೆಯ ದಿನಾಂಕಕ್ಕೆ ನೀಡುವ ಅಧಿಕೃತ ವ್ಯಾಪ್ತಿ ಕ್ರಿ.ಶ. 1000ರಿಂದ 9999ರವರೆಗೆ. ಕವಿರಾಜಮಾರ್ಗವಾಗಲಿ, ಶಕ 863 ಅಂದರೆ ಕ್ರಿ.ಶ. 941ರ ಆದಿಪುರಾಣವಾಗಲಿ, ಸಾವಿರಕ್ಕೆ ಮೊದಲಿನ ಶಾಸನಗಳಾಗಲಿ ಈ ವ್ಯಾಪ್ತಿಯೊಳಗೆ ಬರುವುದೇ ಇಲ್ಲ. ಇದು ಯಾರ ತಪ್ಪೂ ಅಲ್ಲ. ಪುಟದ ದಿನಾಂಕಕ್ಕೆಂದು ಮಾಡಿದ ಅಂಕಣವು ಕೃತಿಯ ಕಾಲವನ್ನು ಹೊರಲಾರದು ಎಂಬುದಷ್ಟೇ ಇದರ ಅರ್ಥ. ಕೃತಿಯ ಕಾಲಕ್ಕೆ ಬೇರೆಯೇ ಅಂಕಣ ಬೇಕು. ಅದರಲ್ಲಿ ಶಕವರ್ಷ, ಸಂವತ್ಸರ, ಅಂದಾಜು, ವಿದ್ವಾಂಸರ ಭಿನ್ನಾಭಿಪ್ರಾಯ ಇವುಗಳಿಗೆ ಎಡೆಯಿರಬೇಕು. ಅದರ ಸ್ವರೂಪ ಹೇಗಿರಬೇಕೆಂದು ಹೇಳಬಲ್ಲವರು ಶಾಸನ ಮತ್ತು ಸಾಹಿತ್ಯ ಚರಿತ್ರೆಗಳನ್ನು ಓದಿದವರೇ ಹೊರತು ತಂತ್ರಾಂಶವನ್ನು ಬರೆಯುವವರಲ್ಲ.

3. ಭಾಷೆಯ ಗುರುತು

ಎರಡನೆಯ ಕೊರತೆ ಭಾಷೆಗೆ ಸಂಬಂಧಿಸಿದುದು. ಪ್ರತಿಯೊಂದು ಜಾಲಪುಟವೂ ತಾನು ಯಾವ ಭಾಷೆಯಲ್ಲಿದೆ ಎಂಬುದನ್ನು ಒಂದು ಸಂಕೇತದಿಂದ ಬ್ರೌಸರಿಗೆ ತಿಳಿಸಬೇಕು. ಕನ್ನಡಕ್ಕೆ ‘ಕೆಎನ್’ ಎಂಬ ಎರಡಕ್ಷರದ ಅಂತಾರಾಷ್ಟ್ರೀಯ ಸಂಕೇತವಿದೆ. ತುಳುವಿಗೆ ‘ಟಿಸಿವೈ’, ಕೊಡವಕ್ಕೆ ‘ಕೆಎಫ್‌ಎ’, ಬಡಗಕ್ಕೆ ‘ಬಿಎಫ್‌ಕ್ಯೂ’ ಎಂಬ ಮೂರಕ್ಷರದ ಸಂಕೇತಗಳಿವೆ. ಈ ಗುರುತು ಓದುಗರ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಅದು ತಪ್ಪಾಗಿದ್ದರೂ ಯಾರೂ ಕೇಳುವುದಿಲ್ಲ.

ಕೇಳಬೇಕಾದವರು ದೃಷ್ಟಿವಂಚಿತ ಓದುಗರು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಈ ಗುರುತನ್ನು ನೋಡಿ ಧ್ವನಿಯನ್ನು ಆರಿಸಿಕೊಳ್ಳುತ್ತವೆ. ಉಚಿತವಾಗಿ ದೊರೆಯುವ ಎನ್‌ವಿಡಿಎ ಎಂಬ ತಂತ್ರಾಂಶದಲ್ಲಿ ಪುಟದ ಗುರುತಿಗೆ ತಕ್ಕಂತೆ ಭಾಷೆಯನ್ನು ಬದಲಿಸುವ ಸೌಲಭ್ಯವಿದೆ. ಅದರೊಡನೆ ಬರುವ ಇಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಸೇರಿದೆ. ಪುಟವು ತನ್ನನ್ನು ಇಂಗ್ಲಿಷ್ ಎಂದು ಹೇಳಿಕೊಂಡರೆ ಆ ಸೌಲಭ್ಯ ಇದ್ದೂ ಉಪಯೋಗಕ್ಕೆ ಬಾರದೆ ಹೋಗುತ್ತದೆ. ಸಾಲಿನ ಕೊನೆಯಲ್ಲಿ ಪದವನ್ನು ಒಡೆಯುವುದಕ್ಕೂ ಭಾಷೆಯ ಗುರುತು ಬೇಕು. ಭಾಷೆ ಯಾವುದೆಂದು ತಿಳಿಯದೆ ಪದವನ್ನು ತಾನಾಗಿ ಒಡೆಯಬಾರದೆಂಬುದು ಬ್ರೌಸರುಗಳು ಅನುಸರಿಸುವ ಮಾನಕದ ನಿಯಮ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕೆಂದು 2008ರಲ್ಲಿ ರೂಪುಗೊಂಡ ಡಬ್ಲ್ಯುಸಿಎಜಿ 2.0 ಎಂಬ ಅಂತಾರಾಷ್ಟ್ರೀಯ ಮಾನಕವು ಪುಟದ ಭಾಷೆಯ ಗುರುತನ್ನು ಮೊದಲ ಮಟ್ಟದ ಅಗತ್ಯಗಳಲ್ಲಿ ಸೇರಿಸಿದೆ. ಪುಟದೊಳಗೆ ಬೇರೆ ಭಾಷೆಯ ಭಾಗವಿದ್ದರೆ ಅದನ್ನೂ ಗುರುತಿಸಬೇಕೆಂಬುದು ಅದರ ಎರಡನೆಯ ಮಟ್ಟದ ಅಗತ್ಯ.

ಈಗ ವ್ಯವಸ್ಥೆಗಳು ಏನು ಮಾಡುತ್ತವೆ ಎಂಬುದನ್ನು ಗಮನಿಸಬೇಕು. ವರ್ಡ್‌ಪ್ರೆಸ್ಸಿನ ಬರಹಗಳ ಕೋಷ್ಟಕದಲ್ಲಿ ಭಾಷೆಗೆ ಅಂಕಣವೇ ಇಲ್ಲ. ಥೀಮಿಗೆ ಅದು ಒಪ್ಪಿಸುವುದು ಇಡೀ ತಾಣಕ್ಕೆ ಒಮ್ಮೆ ಆರಿಸಿದ ಭಾಷೆಯನ್ನು. ತಾಣವನ್ನು ಸ್ಥಾಪಿಸಿದವರು ನಿರ್ವಹಣೆಯ ಅನುಕೂಲಕ್ಕಾಗಿ ಇಂಗ್ಲಿಷನ್ನು ಆರಿಸಿದ್ದರೆ ಅಲ್ಲಿನ ಕನ್ನಡ ಪುಟಗಳೆಲ್ಲವೂ ಇಂಗ್ಲಿಷ್ ಎಂದೇ ಘೋಷಿತವಾಗುತ್ತವೆ. ಕನ್ನಡವನ್ನು ಆರಿಸಿದ್ದರೆ ಅಲ್ಲಿನ ಇಂಗ್ಲಿಷ್ ಸಾರಲೇಖಗಳೂ ತುಳು ಪಾಡ್ದನಗಳೂ ಕನ್ನಡವಾಗುತ್ತವೆ.

ದ್ರುಪಲ್ಲಿನ ಸ್ಥಿತಿ ಇದಕ್ಕಿಂತ ಭಿನ್ನ, ಹಾಗೆಯೇ ಬೋಧಪ್ರದ. 2008ರ ಆರನೆಯ ಆವೃತ್ತಿಯಿಂದ ಅದು ಪ್ರತಿಯೊಂದು ಬರಹಕ್ಕೂ ಭಾಷೆಯ ಅಂಕಣವನ್ನು ಇರಿಸಿತು. ಆದರೆ 2011ರ ಏಳನೆಯ ಆವೃತ್ತಿಯಲ್ಲಿ ಪುಟದ ಅತಿ ಹೊರಗಿನ ಚೌಕಟ್ಟಿಗೆ ಬೇರೆಯೇ ಟೆಂಪ್ಲೇಟ್ ಬಂದಿತು. ಪುಟದ ಭಾಷೆಯನ್ನು ಘೋಷಿಸುವುದು ಆ ಚೌಕಟ್ಟೇ. ಬರಹದ ಎಲ್ಲ ವಿವರಗಳೂ ಒಳಗಿನ ಟೆಂಪ್ಲೇಟಿಗೆ ದೊರೆಯುತ್ತಿದ್ದವು. ಹೊರಗಿನ ಚೌಕಟ್ಟಿಗೆ ಮಾತ್ರ ಅವು ತಾವಾಗಿಯೇ ಒದಗುತ್ತಿರಲಿಲ್ಲ. ಅದಕ್ಕೆ ಸಿಗುತ್ತಿದ್ದುದು ಗುಂಡಿ, ಪಟ್ಟಿಗಳು ತೋರುವ ಭಾಷೆ, ಅಂದರೆ ತಾಣದ ಒಡಲಿನ ಭಾಷೆ. ಹೀಗೆ ಮಾಹಿತಿ ಸಂಗ್ರಹದಲ್ಲಿದ್ದೂ ಬೇಕಾದ ಸ್ಥಳವನ್ನು ತಲುಪದೆ ಉಳಿಯಿತು. ಥೀಮಿನಲ್ಲಿ ಕೆಲವೇ ಸಾಲುಗಳನ್ನು ಸೇರಿಸಿದ್ದರೆ ಅದು ಸರಿಹೋಗುತ್ತಿತ್ತು. ಸೇರಿಸಬೇಕೆಂದು ಯಾರಾದರೂ ಕೇಳಬೇಕಿತ್ತು, ಅಷ್ಟೆ.

ಮೀಡಿಯಾವಿಕಿಯು ಈ ಎರಡು ಭಾಷೆಗಳನ್ನೂ ಬೇರೆ ಬೇರೆಯಾಗಿ ಒಪ್ಪಿಸುತ್ತದೆ. ಓದುಗರು ಪಟ್ಟಿ, ಗುಂಡಿಗಳನ್ನು ಇಂಗ್ಲಿಷಿನಲ್ಲಿ ನೋಡಲು ಬಯಸಿದರೂ ಕನ್ನಡ ವಿಕಿಪೀಡಿಯದ ಲೇಖನದ ಭಾಗವು ಕನ್ನಡವೆಂಬ ಗುರುತನ್ನು ಹೊತ್ತೇ ಬರುತ್ತದೆ. ತಾಣದ ಭಾಷೆ ಬೇರೆ, ಪಠ್ಯದ ಭಾಷೆ ಬೇರೆ ಎಂಬ ವಿವೇಕವನ್ನು ವ್ಯವಸ್ಥೆಯೊಳಗೆ ತರಲು ಸಾಧ್ಯವಿದೆ ಎಂಬುದಕ್ಕೆ ಇದೇ ಸಾಕ್ಷಿ. ವರ್ಡ್‌ಪ್ರೆಸ್ಸಿನಲ್ಲಿಯೂ ಪಾಲಿಲ್ಯಾಂಗ್‌ನಂಥ ಹೆಚ್ಚುವರಿ ತಂತ್ರಾಂಶಗಳ ನೆರವಿನಿಂದ ಬರಹಕ್ಕೊಂದು ಭಾಷೆಯನ್ನು ನಿಗದಿಪಡಿಸಬಹುದು.

ಅಕ್ಷರಗಳನ್ನು ನೋಡಿ ಯಂತ್ರವೇ ಭಾಷೆಯನ್ನು ಊಹಿಸಬಹುದಲ್ಲ ಎಂಬ ಆಕ್ಷೇಪಕ್ಕೆ ಕರ್ನಾಟಕದ ಭಾಷಾಸ್ಥಿತಿಯೇ ಉತ್ತರ. ಕನ್ನಡ ಲಿಪಿಯಲ್ಲಿ ಕನ್ನಡವೊಂದೇ ಇಲ್ಲ. ತುಳು, ಕೊಡವ, ಕೊಂಕಣಿ, ಬ್ಯಾರಿ, ಸಂಸ್ಕೃತಗಳನ್ನೂ ಅದೇ ಲಿಪಿಯಲ್ಲಿ ಬರೆಯಲಾಗುತ್ತದೆ. ಯೂನಿಕೋಡ್ ಲಿಪಿಯನ್ನು ಗುರುತಿಸುತ್ತದೆ, ಭಾಷೆಯನ್ನಲ್ಲ. ಕೊಡವ ಹಾಡೊಂದರ ಪುಟವು ಯಾವ ಭಾಷೆಯದೆಂಬುದನ್ನು ಅದನ್ನು ಬಲ್ಲವರೇ ದಾಖಲಿಸಬೇಕು. ದಾಖಲಿಸದಿದ್ದರೆ ಜಾಲದಲ್ಲಿ ಆ ಭಾಷೆಯ ಪಠ್ಯಗಳು ಕನ್ನಡದ ಲೆಕ್ಕದಲ್ಲಿ ಕಳೆದುಹೋಗುತ್ತವೆ. ತನಗಿಂತ ದೊಡ್ಡ ಭಾಷೆಯೊಂದರ ನೆರಳಿನಲ್ಲಿ ಅದೃಶ್ಯವಾಗುವ ಕಷ್ಟವನ್ನು ಬಲ್ಲ ಕನ್ನಡವು ತನ್ನ ನೆರೆಯ ಭಾಷೆಗಳಿಗೆ ಅದನ್ನೇ ಮಾಡಬಾರದು.

4. ಕನ್ನಡದ ಹೆಸರಿಗೆ ಬದಲು ಸಂಖ್ಯೆ

ಪುಟವು ಯಾವ ಬಗೆಯದೆಂಬುದನ್ನು ಥೀಮಿಗೆ ತಿಳಿಸಲು ವರ್ಡ್‌ಪ್ರೆಸ್ 2009ರಲ್ಲಿ ಒಂದು ಅನುಕೂಲವನ್ನು ಸೇರಿಸಿತು. ಪುಟದ ಒಡಲಿಗೆ ಹಲವು ವರ್ಗನಾಮಗಳನ್ನು ಅದು ತಾನಾಗಿ ಅಂಟಿಸುತ್ತದೆ: ಇದು ಬಿಡಿ ಬರಹ, ಇದು ಇಂಥ ವಿಭಾಗದ ಸೂಚಿ ಎಂಬಂತೆ. ವಿನ್ಯಾಸಕಾರರು ಈ ಹೆಸರುಗಳನ್ನು ಹಿಡಿದು ಒಂದೊಂದು ವಿಭಾಗಕ್ಕೂ ತಕ್ಕ ರೂಪವನ್ನು ಕೊಡಬಹುದು. ಪದ್ಯಕ್ಕೂ ಗದ್ಯಕ್ಕೂ ಬೇರೆ ಬೇರೆ ಸಾಲುಕ್ರಮ ಬೇಕಾಗುವ ಸಾಹಿತ್ಯದ ತಾಣಗಳಿಗೆ ಇದು ನಿಜಕ್ಕೂ ಉಪಯುಕ್ತ.

ಆದರೆ ಈ ಹೆಸರುಗಳನ್ನು ಅಂಟಿಸುವ ಮುನ್ನ ವ್ಯವಸ್ಥೆಯು ಅವುಗಳನ್ನು ಶುದ್ಧಗೊಳಿಸುತ್ತದೆ. ರೋಮನ್ ಅಕ್ಷರ, ಅಂಕಿ ಮತ್ತು ಎರಡು ಬಗೆಯ ಗೆರೆಗಳನ್ನು ಬಿಟ್ಟು ಉಳಿದುದೆಲ್ಲವನ್ನೂ ಅಳಿಸಿಹಾಕುತ್ತದೆ. ವಿಭಾಗದ ಹೆಸರು ರೋಮನ್ ಲಿಪಿಯಲ್ಲಿದ್ದರೆ ಅದು ಹಾಗೆಯೇ ಥೀಮನ್ನು ತಲುಪುತ್ತದೆ. ‘ವಚನ’ ಎಂದು ಕನ್ನಡದಲ್ಲಿಯೇ ಹೆಸರಿಟ್ಟರೆ ಶುದ್ಧೀಕರಣದ ಬಳಿಕ ಏನೂ ಉಳಿಯುವುದಿಲ್ಲ. ಆಗ ವ್ಯವಸ್ಥೆಯು ಆ ವಿಭಾಗದ ಕ್ರಮಸಂಖ್ಯೆಯನ್ನು ಹೆಸರಿನ ಬದಲಿಗೆ ಇರಿಸುತ್ತದೆ. ಜಾಲದ ಮಾನಕಗಳು ಇದನ್ನು ಬಯಸುವುದಿಲ್ಲ ಎಂಬುದು ಇಲ್ಲಿ ಮುಖ್ಯ. ವರ್ಗನಾಮಗಳು ಕನ್ನಡ ಅಕ್ಷರಗಳಲ್ಲಿರಲು ಮಾನಕಗಳಲ್ಲಿ ಅಡ್ಡಿಯಿಲ್ಲ. ಇದು ಒಂದು ತಂತ್ರಾಂಶದ ಆಯ್ಕೆ ಮಾತ್ರ.

ಪುಟದ ವಿಳಾಸದಲ್ಲಿಯೂ ಇಂಥದೇ ಸಂಗತಿಯನ್ನು ಕಾಣಬಹುದು. ಶೀರ್ಷಿಕೆಯಿಂದ ವಿಳಾಸವನ್ನು ರೂಪಿಸುವಾಗ ವರ್ಡ್‌ಪ್ರೆಸ್ ಅದಕ್ಕೆ 200 ಚಿಹ್ನೆಗಳ ಮಿತಿಯನ್ನು ಇರಿಸಿದೆ. ರೋಮನ್ ಲಿಪಿಯ ಒಂದು ಅಕ್ಷರಕ್ಕೆ ಒಂದು ಚಿಹ್ನೆ ಸಾಕು. ಕನ್ನಡದ ಒಂದು ಸಂಕೇತಕ್ಕೆ, ಅದು ವ್ಯಂಜನವಾಗಲಿ ಸ್ವರಚಿಹ್ನೆಯಾಗಲಿ, ವಿಳಾಸದ ರೂಪದಲ್ಲಿ ಒಂಬತ್ತು ಚಿಹ್ನೆಗಳು ಬೇಕು. ಎಂದರೆ ಕನ್ನಡಕ್ಕೆ ದೊರೆಯುವುದು 22 ಸಂಕೇತಗಳಷ್ಟು ಸ್ಥಳ. ‘ವಿಕ್ರಮಾರ್ಜುನವಿಜಯ ಆಶ್ವಾಸ ಒಂದು’ ಎಂಬ ಶೀರ್ಷಿಕೆಯಲ್ಲಿ ಮೊದಲ ಎರಡು ಪದಗಳೇ 22 ಸಂಕೇತಗಳನ್ನು ತುಂಬುತ್ತವೆ. ‘ಒಂದು’ ಎಂಬುದು ವಿಳಾಸದಿಂದ ಬಿದ್ದುಹೋಗುತ್ತದೆ. ಪಂಪನ ಹದಿನಾಲ್ಕು ಆಶ್ವಾಸಗಳಿಗೆ ಹೀಗೆಯೇ ಶೀರ್ಷಿಕೆ ಕೊಟ್ಟರೆ ಎಲ್ಲಕ್ಕೂ ಒಂದೇ ವಿಳಾಸ ಒದಗಿ, ಅವುಗಳನ್ನು ಬೇರ್ಪಡಿಸಲು ವ್ಯವಸ್ಥೆಯೇ 2, 3 ಎಂದು ಅಂಕಿಗಳನ್ನು ಸೇರಿಸಬೇಕಾಗುತ್ತದೆ. ಆ ಅಂಕಿ ಸೂಚಿಸುವುದು ಪುಟಗಳನ್ನು ಸೇರಿಸಿದ ಅನುಕ್ರಮವನ್ನೇ ಹೊರತು ಆಶ್ವಾಸದ ಸಂಖ್ಯೆಯನ್ನಲ್ಲ. ಮೂರನೆಯ ಆಶ್ವಾಸವನ್ನು ಮೊದಲು ಸೇರಿಸಿದ್ದರೆ ವಿಳಾಸವನ್ನು ನಂಬಿ ಉಲ್ಲೇಖಿಸುವ ಸಂಶೋಧಕರು ದಾರಿ ತಪ್ಪುತ್ತಾರೆ.

ಇದರ ಪರಿಣಾಮವಾಗಿ ಕನ್ನಡದ ತಾಣಗಳು ತಮ್ಮ ವಿಭಾಗಗಳಿಗೂ ಪುಟಗಳಿಗೂ ಒಳಗೊಳಗೆ ರೋಮನ್ ಹೆಸರುಗಳನ್ನು ಇಟ್ಟುಕೊಳ್ಳುವುದುಂಟು. ವ್ಯವಹಾರದ ದೃಷ್ಟಿಯಿಂದ ಇದು ಬುದ್ಧಿವಂತಿಕೆಯೇ ಸರಿ. ಆದರೆ ಕನ್ನಡ ಹೆಸರುಗಳನ್ನು ರೋಮನ್ ಲಿಪಿಗೆ ತರುವಲ್ಲಿ ಏಕರೂಪತೆ ಇಲ್ಲ. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆಯುತ್ತಾರೆ. ಹೀಗಾಗಿ ಈ ಉಪಾಯವನ್ನು ಅನುಸರಿಸುವುದಾದರೂ ಒಂದು ಲಿಪ್ಯಂತರಣ ಕ್ರಮವನ್ನು ಮೊದಲೇ ನಿಗದಿಪಡಿಸಿಕೊಳ್ಳುವುದು ಅವಶ್ಯಕ.

5. ಆಕ್ಷೇಪಗಳು

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಕವಿ, ಕಾಲ, ಆಕರಗಳನ್ನು ಪಠ್ಯದ ಮೊದಲ ಸಾಲಿನಲ್ಲಿಯೇ ಬರೆದರೆ ಸಾಲದೇ ಎಂಬುದು ಮೊದಲನೆಯದು. ಇಪ್ಪತ್ತು ಪುಟಗಳ ಚಿಕ್ಕ ತಾಣಕ್ಕೆ ಅದು ಸಾಕು. ಆದರೆ ಸಾವಿರಾರು ವಚನಗಳ ಸಂಗ್ರಹದಲ್ಲಿ ಒಬ್ಬ ವಚನಕಾರರ ವಚನಗಳನ್ನಷ್ಟೇ ಹೊರತೆಗೆಯಬೇಕಾದಾಗ, ಆಕರಗ್ರಂಥದ ಹೆಸರನ್ನು ಎಲ್ಲ ಪುಟಗಳ ಕೆಳಗೂ ಒಂದೇ ರೀತಿಯಲ್ಲಿ ತೋರಿಸಬೇಕಾದಾಗ, ಪಠ್ಯದೊಳಗೆ ಬೆರೆತ ಮಾಹಿತಿಯಿಂದ ಪ್ರಯೋಜನವಿಲ್ಲ. ಯಂತ್ರಕ್ಕೆ ಅದು ಪಠ್ಯದ ಇನ್ನೊಂದು ಸಾಲು ಮಾತ್ರ. ಅಲ್ಲದೆ ಸಂಪಾದಕರ ಮಾತು ಕವಿಯ ಮಾತಿನೊಡನೆ ಬೆರೆಯುವುದು ಗ್ರಂಥಸಂಪಾದನೆಯ ಮೂಲ ನಿಯಮಕ್ಕೇ ವಿರುದ್ಧ. ಪ್ರಕ್ಷೇಪಗಳನ್ನು ಬೇರ್ಪಡಿಸಲು ಶ್ರಮಿಸಿದ ವಿದ್ವತ್ತು ಹೊಸ ಮಾಧ್ಯಮದಲ್ಲಿ ಹೊಸ ಪ್ರಕ್ಷೇಪಗಳಿಗೆ ಎಡೆಕೊಡಬಾರದು.

ವ್ಯವಸ್ಥೆಯಲ್ಲಿರುವ ಮಾಹಿತಿಯನ್ನೆಲ್ಲ ಥೀಮಿಗೆ ಒಪ್ಪಿಸುವುದು ಅಪಾಯಕರ ಎಂಬುದು ಎರಡನೆಯದು. ಈ ಆಕ್ಷೇಪದಲ್ಲಿ ಹುರುಳಿದೆ. ಸಂಪಾದಕರ ಮಿಂಚಂಚೆ, ಪರಿಶೀಲಕರ ಟಿಪ್ಪಣಿ, ಇನ್ನೂ ತೀರ್ಮಾನವಾಗದ ಪಾಠಗಳು ಹೊರಬರಕೂಡದು. ಎಲ್ಲವನ್ನೂ ತೆರೆದಿಡಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಯಾವುದು ಹೊರಬರಬೇಕು, ಯಾವುದು ಒಳಗಿರಬೇಕು ಎಂಬ ನಿರ್ಣಯ ಅರಿವಿನಿಂದ ಆಗಬೇಕು ಎಂಬುದಷ್ಟೇ ವಾದ. ಮುದ್ರಿತ ಗ್ರಂಥದಲ್ಲಿಯೂ ಸಂಪಾದಕರ ಕೈಬರಹದ ಚೀಟಿಗಳೆಲ್ಲ ಅಚ್ಚಾಗುವುದಿಲ್ಲ. ಆದರೆ ಪ್ರತಿಗಳ ವಿವರ ಅಚ್ಚಾಗುತ್ತದೆ.

ಹಾಗಾದರೆ ಬೇಕಾದ ಅಂಕಣಗಳನ್ನೆಲ್ಲ ಥೀಮಿನಲ್ಲಿಯೇ ಸೇರಿಸಿಬಿಡಬಹುದಲ್ಲ ಎಂಬುದು ಮೂರನೆಯದು. ಇದು ಸುಲಭದ ದಾರಿಯಂತೆ ಕಂಡರೂ ಹೆಚ್ಚು ಹಾನಿಕರವಾದುದು. ಸಂಸ್ಥೆಗಳ ಜಾಲತಾಣಗಳು ಕೆಲವು ವರ್ಷಗಳಿಗೊಮ್ಮೆ ಹೊಸ ವಿನ್ಯಾಸವನ್ನು ಪಡೆಯುತ್ತವೆ, ಗುತ್ತಿಗೆದಾರರೂ ಬದಲಾಗುತ್ತಾರೆ. ಅಂಕಣಗಳು ಹಳೆಯ ಥೀಮಿಗೆ ಅಂಟಿಕೊಂಡಿದ್ದರೆ ಅದನ್ನು ತೆಗೆದ ದಿನ ಅವುಗಳೂ ಕಣ್ಮರೆಯಾಗುತ್ತವೆ. ಈ ಕಾರಣದಿಂದಲೇ ವರ್ಡ್‌ಪ್ರೆಸ್ಸಿನ ಅಧಿಕೃತ ಸಂಗ್ರಹಕ್ಕೆ ಸೇರುವ ಥೀಮ್‌ಗಳು ಹೊಸ ಬರಹಪ್ರಕಾರಗಳನ್ನು ತಾವೇ ಸೃಷ್ಟಿಸಬಾರದೆಂಬ ನಿಯಮವಿದೆ. ಮಾಹಿತಿ ವ್ಯವಸ್ಥೆಯಲ್ಲಿರಬೇಕು, ಥೀಮ್ ಅದನ್ನು ತೋರಿಸಬೇಕು. ಇದರ ಮಹತ್ತ್ವ ವ್ಯವಸ್ಥೆಯನ್ನೇ ಬದಲಿಸಬೇಕಾದಾಗ ಇನ್ನಷ್ಟು ತಿಳಿಯುತ್ತದೆ. ದ್ರುಪಲ್ ಏಳನೆಯ ಆವೃತ್ತಿಗೆ ಅಧಿಕೃತ ಬೆಂಬಲ 2025ರ ಜನವರಿ 5ರಂದು ಕೊನೆಗೊಂಡಿತು. ಅದನ್ನು ಆಧರಿಸಿದ ತಾಣಗಳು ಬೇರೆಡೆಗೆ ಸಾಗಬೇಕಾಯಿತು. ಇಂಥ ಸ್ಥಳಾಂತರದಲ್ಲಿ ಅಂಕಣಗಳಲ್ಲಿರುವ ಮಾಹಿತಿ ಅಂಕಣಗಳಾಗಿಯೇ ಸಾಗಬಲ್ಲದು; ಪಠ್ಯದಲ್ಲಿ ಬೆರೆತದ್ದು ಬೆರೆತಂತೆಯೇ ಉಳಿಯುತ್ತದೆ.

6. ಮಾಡಬೇಕಾದುದು

ಕನ್ನಡ ಅಧ್ಯಯನಕ್ಕೆ ಇಂಥ ವಿಂಗಡಣೆಯ ಮಾದರಿಗಳು ಹೊರಗಿನಿಂದ ಬರಬೇಕಾಗಿಲ್ಲ. ಬಿ.ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ತಾಲ್ಲೂಕಿಗೆ ಅನುಗುಣವಾಗಿ ಪ್ರತಿಯೊಂದು ಶಾಸನಕ್ಕೂ ಒಂದು ಸಂಖ್ಯೆಯಿದೆ. ಶಾಸನದ ಸ್ಥಳ, ಕಾಲಗಳ ವಿವರಗಳು ಪಾಠದಿಂದ ಬೇರೆಯಾಗಿ ನಿಂತಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳು ಬದಲಾದವು. ಹಾಗಾಗಿ ಶಾಸನವೊಂದರ ಜಾಲಪುಟಕ್ಕೆ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎಂಬ ಎರಡು ಅಂಕಣಗಳಾದರೂ ಬೇಕು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಬಂದ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ವನ್ನು ಆಧರಿಸಿದ ವಚನದ ಪುಟಕ್ಕೆ ವಚನಕಾರರ ಹೆಸರು, ಅಂಕಿತ, ಸಂಪುಟ, ವಚನದ ಸಂಖ್ಯೆ, ಆವೃತ್ತಿಯ ವರ್ಷ ಇವು ಬಿಡಿಬಿಡಿಯಾಗಿ ಬೇಕು. ಇಂಥ ಪಟ್ಟಿಯನ್ನು ಸಿದ್ಧಪಡಿಸುವುದು ಪೂರ್ತಿಯಾಗಿ ವಿದ್ವತ್ತಿನ ಕೆಲಸ.

ಹೊರಗಿನ ಮಾನಕಗಳೊಡನೆ ಇದನ್ನು ಹೊಂದಿಸಿಕೊಳ್ಳುವುದೂ ಸಾಧ್ಯ. 1995ರಲ್ಲಿ ರೂಪುಗೊಳ್ಳತೊಡಗಿದ ಡಬ್ಲಿನ್ ಕೋರ್ ಎಂಬ ಮಾನಕವು ಕರ್ತೃ, ಶೀರ್ಷಿಕೆ, ಭಾಷೆ, ಆಕರ, ದಿನಾಂಕ ಮೊದಲಾದ ಹದಿನೈದು ಅಂಶಗಳನ್ನು ಗುರುತಿಸಿದೆ. ಸಾಹಿತ್ಯ ಪಠ್ಯಗಳಿಗಾಗಿಯೇ 1987ರಿಂದ ಬೆಳೆದುಬಂದಿರುವ ಟಿಇಐ ಕ್ರಮವು ಪ್ರತಿಯೊಂದು ಪಠ್ಯಕ್ಕೂ ಮಾಹಿತಿಯ ತಲೆಬರಹವನ್ನು ಕಡ್ಡಾಯಗೊಳಿಸಿದೆ. ಇವುಗಳಲ್ಲಿ ಅಂಕಿತಕ್ಕಾಗಲಿ ಸಂವತ್ಸರಕ್ಕಾಗಲಿ ತಕ್ಕ ಸ್ಥಾನವನ್ನು ಕಲ್ಪಿಸುವುದು ಕನ್ನಡದವರ ಹೊಣೆ.

ಆದುದರಿಂದ ಜಾಲತಾಣವನ್ನು ರೂಪಿಸಲು ಹೊರಡುವ ಯಾವುದೇ ಕನ್ನಡ ವಿಭಾಗ, ಅಕಾಡೆಮಿ ಅಥವಾ ಗ್ರಂಥಾಲಯ ತನ್ನ ಬೇಡಿಕೆಯ ಪತ್ರದಲ್ಲಿ ಬಣ್ಣ, ಚಿತ್ರಗಳ ಮಾತಿಗೆ ಮೊದಲು ನಾಲ್ಕು ಅಂಶಗಳನ್ನು ಸ್ಪಷ್ಟವಾಗಿ ಬರೆಯಬೇಕು. ಕೃತಿಯ ಕರ್ತೃ, ಕಾಲ, ಆಕರಗಳಿಗೆ ಪುಟದ ಬಳಕೆದಾರ ಮತ್ತು ದಿನಾಂಕಗಳಿಂದ ಬೇರೆಯಾದ ಅಂಕಣಗಳಿರಬೇಕು. ಪ್ರತಿಯೊಂದು ಪುಟಕ್ಕೂ ತನ್ನದೇ ಭಾಷೆಯ ಗುರುತಿದ್ದು, ಅದು ಪುಟದ ಹೊರಗಿನ ಚೌಕಟ್ಟಿನವರೆಗೂ ತಲುಪಬೇಕು. ಈ ಅಂಕಣಗಳು ಥೀಮಿನಲ್ಲಿರದೆ ವ್ಯವಸ್ಥೆಯಲ್ಲಿರಬೇಕು. ಪಠ್ಯದೊಡನೆ ಅವುಗಳನ್ನೂ ಸಂಸ್ಥೆಯು ಯಾವಾಗ ಬೇಕಾದರೂ ಹೊರತೆಗೆದುಕೊಳ್ಳುವಂತಿರಬೇಕು. ಇವುಗಳಲ್ಲಿ ಯಾವುದೂ ಹೆಚ್ಚಿನ ವೆಚ್ಚವನ್ನು ಬೇಡುವುದಿಲ್ಲ. ಮೊದಲೇ ಕೇಳಿದರೆ ಕೆಲವು ದಿನಗಳ ಕೆಲಸ, ಸಾವಿರಾರು ಪುಟಗಳು ಸೇರಿದ ಮೇಲೆ ಕೇಳಿದರೆ ಕೆಲವು ವರ್ಷಗಳ ಕೆಲಸ.

ಕನ್ನಡ ಎಂ.ಎ. ತರಗತಿಗಳಲ್ಲಿ ಗ್ರಂಥಸಂಪಾದನೆಯನ್ನು ಬೋಧಿಸುವಾಗ ಓಲೆಗರಿ, ಕಾಗದದ ಪ್ರತಿ, ಮುದ್ರಿತ ಪ್ರತಿಗಳ ಲಕ್ಷಣಗಳನ್ನು ವಿವರಿಸಲಾಗುತ್ತದೆ. ಅವುಗಳೊಡನೆ ಜಾಲಪುಟದ ಲಕ್ಷಣವನ್ನೂ, ಅದರ ಮಾಹಿತಿಯು ಎಲ್ಲಿ ಹುಟ್ಟಿ ಯಾವ ದಾರಿಯಲ್ಲಿ ಓದುಗರನ್ನು ತಲುಪುತ್ತದೆ ಎಂಬುದನ್ನೂ ಬೋಧಿಸುವ ಕಾಲ ಬಂದಿದೆ. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ವಚನವನ್ನು ಮೊದಲು ಕಾಣುವುದು ಪರದೆಯ ಮೇಲೆ. ಅವರಲ್ಲಿ ಕೆಲವರು ಅದನ್ನು ಕಾಣದೆ ಕೇಳುತ್ತಾರೆ. ಆ ಪುಟವು ತನ್ನನ್ನು ಕನ್ನಡವೆಂದು ಹೇಳಿಕೊಳ್ಳಬೇಕು, ಅಲ್ಲಮನ ವಚನವನ್ನು ಅಲ್ಲಮನದೆಂದೇ ಹೇಳಬೇಕು.